ಅರಮನೆ ಮತ್ತು ಹಳ್ಳಿಯ ನಡುವೆ: ಮೈಸೂರು ನಗರದ ಕುದುರೆಪಡೆ, ಗರಡಿ ಹಾಗೂ ಗಾರೆ ಪರಂಪರೆಗಳನ್ನು ಕುರಿತು

ಮೈಸೂರು ನಗರದ ಬಗೆಗೆ ಕನ್ನಡದಲ್ಲಿ ಬರವಣಿಗೆಯ ಕೊರತೆಯಿಲ್ಲ. ವಂಶಾವಳಿಗಳಿವೆ, ಗೆಜೆಟಿಯರುಗಳಿವೆ, ದಿವಾನರ ಜೀವನಚರಿತ್ರೆಗಳಿವೆ. ದಸರಾ ಹತ್ತಿರವಾದೊಡನೆ ಪತ್ರಿಕೆಗಳ ವಿಶೇಷ ಪುರವಣಿಗಳೂ ಬರುತ್ತವೆ. ಇನ್ನೊಂದೆಡೆ, ಜಾನಪದವನ್ನು ವಿಶ್ವವಿದ್ಯಾನಿಲಯದ ಅಧ್ಯಯನ ವಿಷಯವನ್ನಾಗಿ ರೂಪಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಇದೇ ನಗರದ್ದು. ಹೀಗಿದ್ದೂ ಈ ನಗರದ ಸ್ವಂತ ಜನಪದ ಈ ಎರಡು ಬರವಣಿಗೆಗಳಲ್ಲಿಯೂ ನೆಲೆ ಕಾಣದೆ ಹೋಗಿದೆ. ಚರಿತ್ರಕಾರರಿಗೆ ಅದು ಅರಮನೆಯ ಊಳಿಗ. ಜಾನಪದ ವಿದ್ವಾಂಸರಿಗೆ ಅದು ಪೇಟೆಯ ಸಂಗತಿ. ಈ ಎರಡು ಉಪೇಕ್ಷೆಗಳ ನಡುವೆ ಸಿಲೇದಾರರ ಕುದುರೆಪಡೆ, ಜೆಟ್ಟಿ ಮತ್ತು ಪೈಲ್ವಾನರ ಗರಡಿ, ಸುಣ್ಣ ಅರೆದು ತಾರಸಿ ಬಡಿದವರ ಕಸುಬು ಹೇಗೆ ಕಣ್ಮರೆಯಾಗುತ್ತ ಬಂದಿವೆ, ನಮ್ಮ ಅಧ್ಯಯನದ ಚೌಕಟ್ಟು ಅದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಕಟ್ಟಡದ ನಿದರ್ಶನದಿಂದ ಆರಂಭಿಸಬಹುದು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. 1897ರಲ್ಲಿ ಇವರ ಮದುವೆಯ ಸಂದರ್ಭದಲ್ಲಿಯೇ ಬೆಂಕಿ ಬಿದ್ದು ಮೈಸೂರಿನ ಹಳೆಯ ಮರದ ಅರಮನೆ ನಾಶವಾಯಿತು. 1968ರಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಯಾದದ್ದು ಈ ಭವನದ ಪಾಲಿಗೆ ಬಂದ ಭಾಗ್ಯ. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಮೊದಲಾದವರು ನಾಡಿನ ಮೂಲೆಮೂಲೆ ಅಲೆದು ತಂದ ತೊಗಲುಗೊಂಬೆ, ಸೋಮನ ಮುಖವಾಡ, ಯಕ್ಷಗಾನದ ವೇಷಭೂಷಣ, ಬೇಸಾಯದ ಸಲಕರಣೆಗಳು ಅಲ್ಲಿ ಆಶ್ರಯ ಪಡೆದವು. ಈ ಸಂಗ್ರಹದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಅವರು ತರದೇ ಇದ್ದಿದ್ದರೆ ಅವುಗಳಲ್ಲಿ ಬಹುಪಾಲು ಗೆದ್ದಲಿನ ಪಾಲಾಗುತ್ತಿದ್ದವು. ಆದರೆ ಸಂಗ್ರಹದ ಹಿಂದಿದ್ದ ಕಲ್ಪನೆ ಪ್ರಧಾನವಾಗಿ ಗ್ರಾಮಜೀವನದ್ದು. ಹಳ್ಳಿಯ ಬದುಕು ಅರಮನೆಯೊಳಕ್ಕೆ ಬಂದಿತು. ಅರಮನೆಯನ್ನು ಕಟ್ಟಿದವರ, ಅದರ ಬಾಗಿಲು ಕಾದವರ, ಅದರ ಕುದುರೆಗಳಿಗೆ ನಾಲು ಹೊಡೆದವರ ಬದುಕು ಜಾನಪದವೆಂಬ ಹೆಸರಿಗೆ ತಕ್ಕುದೆಂದು ಆಗ ತೋರಲಿಲ್ಲ. 1930ರ ದಶಕದ ಗೀತಸಂಗ್ರಹಗಳಿಂದಲೂ ನಮ್ಮ ಶಾಸ್ತ್ರಕ್ಕೆ ಹಳ್ಳಿಯೇ ಕ್ಷೇತ್ರ, ನಗರವೆಂದರೆ ಆ ಕ್ಷೇತ್ರದಿಂದ ಮರಳಿ ಬಂದು ಬರೆಯಲು ಕುಳಿತುಕೊಳ್ಳುವ ಜಾಗ.

ಮೈಸೂರಿನ ಸ್ಥಳನಾಮಗಳನ್ನು ನೋಡಿದರೂ ಈ ಅಂಶ ಸ್ಪಷ್ಟವಾಗುತ್ತದೆ. ದೇವರಾಜ, ಕೃಷ್ಣರಾಜ, ಚಾಮರಾಜ ಮೊಹಲ್ಲಾಗಳ ಹೆಸರು ಅರಸರಿಂದ ಬಂದದ್ದು. ಲಷ್ಕರ್ ಮೊಹಲ್ಲಾ, ಸುಣ್ಣದಕೇರಿ, ಇಟ್ಟಿಗೆಗೂಡು ಎಂಬ ಹೆಸರುಗಳು ಕೆಲಸದಿಂದ ಬಂದಂಥವು. ದಂಡು, ಸುಣ್ಣ, ಇಟ್ಟಿಗೆ. ಮೊದಲ ಬಗೆಯ ಹೆಸರುಗಳ ಹಿಂದಿನ ಚರಿತ್ರೆಯನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಎರಡನೆಯ ಬಗೆಯವು ಇಂದು ಬಸ್ಸು ನಿಲ್ಲುವ ಜಾಗಗಳಷ್ಟೆ.

ದಂಡಿನ ವಿಚಾರವನ್ನು ಮೊದಲು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದು ರಾಜಧಾನಿಯನ್ನು ಮೈಸೂರಿಗೆ ಮರಳಿಸಲಾಯಿತು. 1807ರ ಪೂರಕ ಒಪ್ಪಂದದಂತೆ ಸಂಸ್ಥಾನವು ಕಂಪನಿಯ ನೆರವಿಗೆ 4,000 ಕುದುರೆಗಳ ಪಡೆಯನ್ನು ಸದಾ ಸಿದ್ಧವಾಗಿಡಬೇಕಾಯಿತು. ಇದರ ಬಹುಭಾಗ ಸಿಲೇದಾರರದು. ಸಿಲೇದಾರನೆಂದರೆ ತನ್ನದೇ ಕುದುರೆ, ತನ್ನದೇ ಆಯುಧದೊಡನೆ ಸೇವೆಗೆ ಬರುವವನು. ಬೇರೆಯವರ ಕುದುರೆ ಏರುವವನು ಬಾರಗೀರ. ಈ ವ್ಯತ್ಯಾಸವನ್ನು ಸೈನಿಕ ಇತಿಹಾಸಗಳು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುತ್ತವೆ. ಜಾನಪದ ದೃಷ್ಟಿಯಿಂದ ಇಲ್ಲಿಯೇ ನಿಲ್ಲಬೇಕು. ಕುದುರೆ ಸವಾರನದಾದರೆ ಅದು ಮನೆಯ ಆಸ್ತಿ, ಮನೆಯ ಸದಸ್ಯ; ಅದರ ಮೇವು, ರೋಗ, ಸುಳಿಶಾಸ್ತ್ರ, ಸಾವು ಎಲ್ಲವೂ ಮನೆಯವರಿಗೆ ಸೇರಿದ್ದು. ಕುದುರೆ ಸತ್ತರೆ ಸಿಲೇದಾರನ ಜೀವನೋಪಾಯವೇ ಸತ್ತಂತೆ. ಹೀಗೆ ಒಂದು ಪಡೆಯೆಂಬುದು ನೂರಾರು ಮನೆಗಳ ತಿಳಿವಳಿಕೆಯ ಮೊತ್ತವಾಗಿತ್ತು. ನಾಲಬಂದ, ಜೀನುಗಾರ, ಹುಲ್ಲು ತರುವವ ಅದರ ಸುತ್ತಲಿನ ವರ್ತುಲ.

1831ರಲ್ಲಿ ಆಡಳಿತ ಕಮಿಷನರರ ಕೈಗೆ ಹೋಯಿತು. 1881ರಲ್ಲಿ ಮರಳಿ ಬಂತು. 1890ರ ದಶಕದಲ್ಲಿ ಈ ಕುದುರೆಪಡೆಯ ಒಂದು ಭಾಗವನ್ನು ಸಾಮ್ರಾಜ್ಯಸೇವೆಯ ರೆಜಿಮೆಂಟಾಗಿ ಪುನರ್ರಚಿಸಿದರು. ಮೈಸೂರು ಲ್ಯಾನ್ಸರ್ಸ್ ಎಂದು ಹೆಸರಾದದ್ದು ಇದೇ. ಅದರ ನೆಲೆ ಬೆಂಗಳೂರು. ಮೊದಲ ಮಹಾಯುದ್ಧದಲ್ಲಿ ಜೋಧಪುರ, ಹೈದರಾಬಾದ್ ಪಡೆಗಳೊಂದಿಗೆ 15ನೆಯ ಅಶ್ವದಳ ಬ್ರಿಗೇಡಿನಲ್ಲಿದ್ದು ಈಜಿಪ್ಟ್, ಪ್ಯಾಲೆಸ್ಟೈನುಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ವಶವಾದಾಗ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿಹೋದವರು ಮೈಸೂರಿನ ಸವಾರರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮಡಿದವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಸ್ವಾತಂತ್ರ್ಯಾನಂತರ, 1953ರಲ್ಲಿ ಸಂಸ್ಥಾನಗಳ ಅಳಿದುಳಿದ ಕುದುರೆಪಡೆಗಳನ್ನು ಒಗ್ಗೂಡಿಸಿ ಕಟ್ಟಿದ ರೆಜಿಮೆಂಟಿನಲ್ಲಿ, ಅಂದರೆ ಇಂದಿನ 61ನೆಯ ಕ್ಯಾವಲ್ರಿಯಲ್ಲಿ, ಮೈಸೂರು ಲ್ಯಾನ್ಸರ್ಸ್ ಲೀನವಾಯಿತು.

ಪಿರಿಯಾಪಟ್ಟಣದ ಕಾಳಗ ನಮ್ಮ ಕಥನಗೀತವಾಯಿತು. ಟಿಪ್ಪುವಿನ ಪತನ ಲಾವಣಿಕಾರರ ಬಾಯಲ್ಲಿ ಬಹುಕಾಲ ಬದುಕಿತು. ಹೈಫಾ ಇವೆರಡರಷ್ಟು ಜನಜನಿತವಾದ ಹಾಡಾಗಲಿಲ್ಲ. ಅದು ಶಿಲೆಯಲ್ಲಿ ಉಳಿಯಿತು. ಯುದ್ಧ ದೂರದೇಶದಲ್ಲಿ ನಡೆಯಿತೆಂಬುದು ಇದಕ್ಕೆ ಸಾಕಾದ ವಿವರಣೆಯಲ್ಲ, ಏಕೆಂದರೆ ಜನಪದಕ್ಕೆ ದೂರ ಎಂದೂ ಅಡ್ಡಿಯಾಗಿಲ್ಲ. ಲಂಕೆಯನ್ನು ಹಾಡಿದವರಿಗೆ ಪ್ಯಾಲೆಸ್ಟೈನ್ ಎಷ್ಟರದು! ನನ್ನ ಅಭಿಪ್ರಾಯದಲ್ಲಿ ಕಾರಣ ಬೇರೆ. ಸಿಲೇದಾರಿ ಪದ್ಧತಿ ಸಡಿಲಗೊಂಡು ಪಡೆ ಸಂಬಳದ ವ್ಯವಸ್ಥೆಯತ್ತ ಸರಿದಾಗ, ಊರ ಕೇರಿಯಿಂದ ದೂರದ ಲೈನುಗಳಿಗೆ ಹೋದಾಗ, ಅದರ ವೃತ್ತಾಂತ ಇಂಗ್ಲಿಷ್ ವರದಿಗಳಲ್ಲಿ ದಾಖಲಾಗತೊಡಗಿದಾಗ, ವೀರವನ್ನು ಹಾಡುವ ಹೊಣೆ ಹೊತ್ತಿದ್ದ ಸಮುದಾಯಕ್ಕೂ ಪಡೆಗೂ ಇದ್ದ ಕೊಂಡಿ ಕಳಚಿತು. ರೆಜಿಮೆಂಟು ಅಳಿದದ್ದು 1953ರಲ್ಲಾದರೆ, ರೆಜಿಮೆಂಟಿನ ಜನಪದ ಅದಕ್ಕೂ ಅರ್ಧ ಶತಮಾನ ಮೊದಲೇ ಅಳಿಯತೊಡಗಿತ್ತು. ಇಂದು ಹೈಫಾವನ್ನು ಮತ್ತೆ ನೆನೆಯುವ ಉತ್ಸಾಹ ಕಾಣುತ್ತಿರುವುದು ಸ್ವಾಗತಾರ್ಹವೇ. ಆದರೆ ಅದು ಶೌರ್ಯದ ಒಂದು ಮಧ್ಯಾಹ್ನದ ನೆನಪು. ಕುದುರೆಯನ್ನು ಸಾಕಿ ಆ ಮಧ್ಯಾಹ್ನಕ್ಕೆ ಸಿದ್ಧಗೊಳಿಸಿದ ನೂರು ವರ್ಷಗಳ ಮನೆಗೆಲಸದ ನೆನಪು ಅದರಲ್ಲಿಲ್ಲ.

ದಸರೆಯಲ್ಲಿ ಇಂದು ಸಾಗುವ ಅಶ್ವಾರೋಹಿ ದಳ ಪೊಲೀಸ್ ಇಲಾಖೆಯದು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅದರ ಸವಾರರ ಕೌಶಲವನ್ನು ನೋಡಿದವರು ಮೆಚ್ಚದಿರಲಾರರು. ಅರಮನೆಯ ಬ್ಯಾಂಡಿನ ಕಥೆಯೂ ಇಂಥದೇ: ಕರ್ನಾಟಕ ಸಂಗೀತವನ್ನು ಪಾಶ್ಚಾತ್ಯ ವಾದ್ಯಗಳಲ್ಲಿ ನುಡಿಸುವ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿದುಬಂದಿದೆ. ಇಲಾಖೆಯೊಂದು ಪರಂಪರೆಯನ್ನು ಹೊತ್ತು ನಡೆದದ್ದಕ್ಕೆ ಇದು ಒಳ್ಳೆಯ ನಿದರ್ಶನವಾದರೂ ನಮ್ಮ ಸಂಶೋಧನೆಯಲ್ಲಿ ಇದಕ್ಕೆ ತಕ್ಕ ಗಮನ ದೊರೆತಿಲ್ಲ. ಕುದುರೆಯ ಲೋಕದಿಂದಲೇ ಬಂದ ಟಾಂಗಾ ಮತ್ತು ಶಾಪಸಂದ್ ಗಾಡಿಗಳು ಮಾತ್ರ ಪ್ರವಾಸಿಗರ ಕೆಲವು ರಸ್ತೆಗಳಿಗೆ ಸೀಮಿತವಾಗಿವೆ.

ಗರಡಿಯ ಪ್ರಶ್ನೆ ಇದಕ್ಕಿಂತ ಜಟಿಲ, ಏಕೆಂದರೆ ಗರಡಿ ಅಳಿದಿಲ್ಲ. ಅಳಿದಿದ್ದರೆ ಅದನ್ನು ದಾಖಲಿಸಲು ಯಾರಾದರೂ ಓಡೋಡಿ ಬರುತ್ತಿದ್ದರೇನೋ! ಹಳೆಯ ಮೊಹಲ್ಲಾಗಳ ಒಳಬೀದಿಗಳಲ್ಲಿ ಇಂದಿಗೂ ಗರಡಿಮನೆಗಳಿವೆ. ಕಟ್ಟಡವಾಗಿ ಅವು ಗಮನಾರ್ಹ: ಗಿಡ್ಡ ಬಾಗಿಲು, ದಪ್ಪ ಗೋಡೆ, ಬೆಳಕಿಗಿಂತ ಕಾವನ್ನು ಕಾಯ್ದುಕೊಳ್ಳಲು ಮಾಡಿದ ಸಣ್ಣ ಕಿಂಡಿ, ನಡುವೆ ಮಟ್ಟಿ. ಎಂಥ ಪೈಲ್ವಾನನೂ ತಲೆಬಾಗಿಯೇ ಒಳಬರಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದಮಾಡಿದ ಮಟ್ಟಿಯನ್ನು ನಿತ್ಯ ಅಗೆದು ಸಮಮಾಡುವುದೇ ಹೊಸಬನ ಮೊದಲ ಪಾಠ. ಗೋಡೆಯ ಮೇಲೆ ಹನುಮಂತ, ಕಲಿಸುವವನು ಉಸ್ತಾದ, ಸಾಮು, ದಂಡ, ಬಸ್ಕಿ ಎಂದು ಪಾಠ. ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಬೆಳೆದ ಈ ಮಿಶ್ರ ಪರಿಭಾಷೆ ಮೈಸೂರು ಕನ್ನಡದ ಒಂದು ಪ್ರತ್ಯೇಕ ಪದಸಂಪತ್ತು. ಇದನ್ನು ಕೋಶವಾಗಿ ಕಟ್ಟುವ ಕೆಲಸ ಭಾಷಾವಿಜ್ಞಾನಿಗಳಿಗೂ ಜಾನಪದ ವಿದ್ವಾಂಸರಿಗೂ ಸಮಾನವಾಗಿ ಸೇರಿದ್ದು.

ಗರಡಿಯ ಐತಿಹ್ಯಗಳಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರದು ಪ್ರಮುಖ ಸ್ಥಾನ. ಪಟ್ಟಕ್ಕೆ ಬರುವ ಮುನ್ನ ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಕೆಡವಿ, ಹೆಸರು ಹೇಳದೆ ಮರಳಿದರೆಂಬ ಕಥೆ ಸುಪ್ರಸಿದ್ಧ. ಚರಿತ್ರಕಾರರು ಇದನ್ನು ಅರಸನ ಪರಾಕ್ರಮಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುತ್ತಾರೆ. ಕಥೆಯ ರಚನೆ ಬೇರೊಂದನ್ನು ಹೇಳುತ್ತದೆ. ಅಖಾಡಕ್ಕೆ ಇಳಿಯಬೇಕಾದರೆ ಅರಸ ಅರಸುತನವನ್ನು ಹೊರಗೆ ಬಿಟ್ಟು ಬರಬೇಕು. ಮಟ್ಟಿಯ ಮೇಲೆ ಮೈಗೆ ಮಾತ್ರ ಬೆಲೆ. ಅರಮನೆಯ ದಾಖಲೆಗಳು ಪೈಲ್ವಾನನನ್ನು ಅರಸನ ಆಶ್ರಿತನನ್ನಾಗಿ ಕಂಡರೆ, ಜನಪದ ಅರಸನನ್ನೇ ಒಬ್ಬ ಪೈಲ್ವಾನನನ್ನಾಗಿ ಮಾಡಿಕೊಂಡಿತು. ಆಶ್ರಯ ಪಡೆದವರು ಆಶ್ರಯವನ್ನು ಹೇಗೆ ಅರ್ಥೈಸಿಕೊಂಡಿದ್ದರು ಎಂಬುದಕ್ಕೆ ಇದಕ್ಕಿಂತ ಉತ್ತಮ ಆಕರ ದೊರೆಯುವುದು ಕಷ್ಟ.

ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಗರಡಿ ಕುಸ್ತಿಗಿಂತ ಭಿನ್ನವಾದುದು. ಜ್ಯೇಷ್ಠಿಮಲ್ಲರೆಂದು ಕರೆದುಕೊಳ್ಳುವ ಈ ಸಮುದಾಯ ತನ್ನ ಮೂಲವನ್ನು ಗುಜರಾತಿನ ಮೊಢೇರಾದ ಕಡೆಗೆ ಗುರುತಿಸಿಕೊಳ್ಳುತ್ತದೆ. ನಿಂಬಜಾದೇವಿ ಅವರ ಕುಲದೇವತೆ. 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲವಿನೋದದ ವಿಸ್ತಾರವಾದ ನಿರೂಪಣೆಯಿದೆಯಾದ್ದರಿಂದ ರಾಜಾಶ್ರಯದ ಮಲ್ಲವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ವಿಜಯದಶಮಿಯ ಬೆಳಿಗ್ಗೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬಂದ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ವಜ್ರಮುಷ್ಟಿ ತೊಟ್ಟು ಅರಮನೆಯ ಒಳತೊಟ್ಟಿಯ ಮಟ್ಟಿಯಲ್ಲಿ ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಆ ಬಳಿಕವೇ ಉಳಿದ ವಿಧಿಗಳು. ಇಡೀ ಕಾಳಗ ಹಲವು ಸಲ ಒಂದು ನಿಮಿಷವೂ ನಡೆಯುವುದಿಲ್ಲ. ದೃಶ್ಯಮಾಧ್ಯಮಗಳಿಗೆ ಬೇಕಾದದ್ದು ಈ ಒಂದು ನಿಮಿಷ. ಅದಕ್ಕೆ ಹಿಂದಿನ ವಾರಗಳ ವ್ರತ, ಆಹಾರದ ಕಟ್ಟುಪಾಡು, ಮನೆಯ ಹೆಂಗಸರ ಹರಕೆ, ಕಾಳಗದ ಮುಂದಿನ ಶುಶ್ರೂಷೆ ಯಾವ ದಾಖಲೆಗೂ ಸಿಗದೆ ಸಾಗಿವೆ. ಜೆಟ್ಟಿಗಳು ಮೂಳೆ ಕೂಡಿಸುವುದರಲ್ಲಿ ನಿಪುಣರೆಂದು ವಸಾಹತುಕಾಲದ ಜನಾಂಗ ವಿವರಣೆಗಳೇ ಹೇಳುತ್ತವೆ. ಮೈಮುರಿಯುವ ವಿದ್ಯೆ ಮತ್ತು ಮೈಕೂಡಿಸುವ ವಿದ್ಯೆ ಒಂದೇ ಮನೆಯಲ್ಲಿದ್ದವು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಹಾಗೂ ಜಾತಿಗಳ ಸಂಪುಟಗಳು ಜಾತಿಯೆಂಬ ಶೀರ್ಷಿಕೆಯಡಿ ಎಲ್ಲ ಸಮುದಾಯಗಳನ್ನೂ ಸಾಲಾಗಿ ನಿಲ್ಲಿಸಿದವು. ಅವುಗಳಿಂದಾಚೆಗೆ ವಿದ್ಯೆಯೆಂಬ ನೆಲೆಯಿಂದ ಇವರನ್ನು ಓದುವ ಕೆಲಸ ನಡೆಯಬೇಕಾಗಿದೆ.

1971ರಲ್ಲಿ ರಾಜಧನ ರದ್ದಾದುದು ಈ ಎಲ್ಲ ಪರಂಪರೆಗಳಿಗೆ ಒಂದು ತಿರುವು. ದಸರಾ ಸರ್ಕಾರದ ನಾಡಹಬ್ಬವಾಯಿತು. ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ಮೂರ್ತಿ ಕುಳಿತಿತು. ಇದು ಪ್ರಜಾಸತ್ತೆಗೆ ಒಪ್ಪುವ ಬದಲಾವಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಂಚಿಕೆ ಮಾತ್ರ ವಿಚಿತ್ರವಾಗಿ ನಡೆಯಿತು: ವಜ್ರಮುಷ್ಟಿ ಅರಮನೆಯ ಖಾಸಗಿ ವಿಧಿಯಾಗಿ ಒಳಗುಳಿಯಿತು, ನಾಡಕುಸ್ತಿ ಕ್ರೀಡೆಯಾಗಿ ದೊಡ್ಡಕೆರೆ ಮೈದಾನದ ಕ್ರೀಡಾಂಗಣಕ್ಕೆ ಹೋಯಿತು. ದಸರಾ ಕೇಸರಿ, ದಸರಾ ಕುಮಾರ ಪ್ರಶಸ್ತಿಗಳ ಗೌರವ ದೊಡ್ಡದು. ಜೋಡಿ ಕಟ್ಟುವ ದಿನ ಇಂದಿಗೂ ಹಿರಿಯ ಉಸ್ತಾದರು ಕಣ್ಣಳತೆಯಲ್ಲೇ ಮೈತೂಕ ಹೇಳುತ್ತಾರೆ. ಆದರೆ ಮ್ಯಾಟಿನ ಮೇಲೆ ಅಂಕಗಳ ಕುಸ್ತಿ ಕಲಿತ ಹುಡುಗನಿಗೆ ಮಟ್ಟಿ ಅಗೆಯುವ ಪಾಠ ಬೇಕಿಲ್ಲ, ಮಟ್ಟಿ ಬೇಡವಾದರೆ ಆ ದಪ್ಪಗೋಡೆಯ ಕಟ್ಟಡವೂ ಬೇಡ. ವಿದ್ಯೆಯ ಬದಲಾವಣೆ ನೇರವಾಗಿ ವಾಸ್ತುವಿಗೆ ತಟ್ಟುವುದು ಹೀಗೆ.

ವಾಸ್ತುವೆಂದರೆ ಮೈಸೂರಿನಲ್ಲಿ ಹೆನ್ರಿ ಇರ್ವಿನ್ನನ ವಿನ್ಯಾಸದ ಅರಮನೆಯ ಮಾತೇ ಮೊದಲು ಬರುತ್ತದೆ. 1897ರ ಬೆಂಕಿಯ ಬಳಿಕ ಆರಂಭವಾಗಿ 1912ರಲ್ಲಿ ಮುಗಿದ ಆ ಕಟ್ಟಡಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣ ಆಧಾರ. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮರದ ಅರಮನೆಯನ್ನು ಕಟ್ಟಿದ ಬಡಗಿಗಳ ಪರಂಪರೆಗೆ ಹೊಸ ಅರಮನೆಯ ಬಾಗಿಲು, ಮುಚ್ಚಿಗೆಗಳಲ್ಲಿ ಅವಕಾಶ ದೊರೆಯಿತಾದರೂ ಭಾರ ಹೊರುವ ಕೆಲಸ ಮರದಿಂದ ಕೈತಪ್ಪಿತು. ಅದೇ ಕಾಲದಲ್ಲಿ ಪ್ಲೇಗಿನ ಭಯವೂ ಸೇರಿ ನಗರದ ರೂಪವೇ ಬದಲಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು; ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳು ತೆರವಾದವು, ಕಂದಕ ಮುಚ್ಚಿತು, ಹೊಸ ಬಡಾವಣೆಗಳು ಎದ್ದವು. ತೊಟ್ಟಿಮನೆಯ ಜಗಲಿ ಬೀದಿಗೆ ತಾಗಿ ಇರುತ್ತಿತ್ತು. ಬಡಾವಣೆಯ ಮನೆ ಕಾಂಪೌಂಡಿನ ಹಿಂದೆ ಸರಿಯಿತು. ಸಂಜೆ ಜಗಲಿಯಲ್ಲಿ ನಡೆಯುತ್ತಿದ್ದ ಕಥನ, ಒಗಟು, ಪಗಡೆಗಳ ಜಾಗ ಇಲ್ಲವಾದುದನ್ನು ನಗರಯೋಜನೆಯ ಯಾವ ವರದಿಯೂ ನಷ್ಟದ ಲೆಕ್ಕಕ್ಕೆ ಸೇರಿಸಿಲ್ಲ.

ಇಷ್ಟೆಲ್ಲ ಕಟ್ಟಡಗಳನ್ನು ಹಿಡಿದಿಟ್ಟದ್ದು ಗಾರೆ. ಮದರಾಸು ತಾರಸಿಯ ರಚನೆಯನ್ನು ಗಮನಿಸಿ: ಹತ್ತಿರ ಹತ್ತಿರವಾಗಿ ಜೋಡಿಸಿದ ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಕೂಡಿಸುತ್ತಾರೆ, ಅದರ ಮೇಲೆ ಇಟ್ಟಿಗೆಚೂರು ಬೆರೆಸಿದ ಸುಣ್ಣದ ಹಾಸು. ಬಳಿಕ ದಿನಗಟ್ಟಲೆ ಬಡಿತ. ಬೆಲ್ಲ, ಅಳಲೆಕಾಯಿಯ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ಮರದ ಬಡಿಗೆಗಳಿಂದ ಒಂದೇ ಲಯದಲ್ಲಿ ಬಡಿಯಬೇಕು. ಲಯ ತಪ್ಪಿದರೆ ಹಾಸು ಒಂದೇ ಸಮನಾಗಿ ಬಿಗಿಯಾಗುವುದಿಲ್ಲ. ಬೀಸುವ ಕಲ್ಲಿನ ಹಾಡು, ಕುಟ್ಟುವ ಹಾಡುಗಳನ್ನು ಸಂಪುಟಗಟ್ಟಲೆ ಸಂಗ್ರಹಿಸಿದ ನಾವು ಈ ಬಡಿತದ ಲಯಕ್ಕೆ ಕಿವಿಗೊಡಲಿಲ್ಲ. ಕಾರಣ ಸರಳ: ಬೀಸುವ ಕಲ್ಲು ಹಳ್ಳಿಯ ಮನೆಯೊಳಗಿತ್ತು, ತಾರಸಿ ಸರ್ಕಾರಿ ಕಟ್ಟಡದ ಮೇಲಿತ್ತು. ಹಾಡಿದವರು ಎರಡೂ ಕಡೆ ಶ್ರಮಿಕ ಹೆಂಗಸರೇ.

ಇದರ ಪರಿಣಾಮ ಕೇವಲ ಶಾಸ್ತ್ರಕ್ಕೆ ಸಂಬಂಧಿಸಿದ್ದಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಆ ಸಾಲು ಬರಿದಾಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಅರಮನೆಯ ಕೋಟೆಗೋಡೆಯ ಒಂದು ಭಾಗವೂ ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡದ ಒಂದು ಭಾಗವೂ ಮಳೆಗೆ ಕುಸಿದವು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ಚರ್ಚೆ ತಜ್ಞ ಸಮಿತಿಗಳಿಂದ ನ್ಯಾಯಾಲಯದವರೆಗೆ ನಡೆಯಿತು. ಸುಣ್ಣದ ಗೋಡೆ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಗಾರೆ ಸಡಿಲುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಇದು ಗಾರೆಯವನಿಗೆ ತಿಳಿದಿದ್ದ ಸಂಗತಿ. ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳನ್ನು ದುರಸ್ತಿ ಮಾಡಬಲ್ಲ ಕೈಗಳ ಪಟ್ಟಿಯನ್ನು ಅದರೊಂದಿಗೆ ಸಿದ್ಧಪಡಿಸಲಿಲ್ಲ. ಕಟ್ಟಡವನ್ನು ವಸ್ತುವೆಂದು ಎಣಿಸಿ ವಿದ್ಯೆಯನ್ನು ಎಣಿಸದ ಪಟ್ಟಿ ಕಟ್ಟಡವನ್ನೂ ಉಳಿಸಿಕೊಳ್ಳಲಾರದು.

ಈ ಮಾತುಗಳನ್ನು ಅರಸೊತ್ತಿಗೆಯ ಹಂಬಲವೆಂದು ತಿಳಿಯಬಾರದು. ಹಳೆಯ ಮೈಸೂರನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಮಲ್ಲಿಗೆ, ವೀಳ್ಯದೆಲೆ, ಗಂಧದೆಣ್ಣೆಗಳ ಪರಿಮಳ ಹೆಚ್ಚು; ಊಳಿಗದ ಬೆವರಿನ ವಾಸನೆ ಕಡಿಮೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಜೆಟ್ಟಿಗಳನ್ನು ಮರಣದಂಡನೆಯ ಕೆಲಸಕ್ಕೆ ಬಳಸಿದ್ದನ್ನು ಬ್ರಿಟಿಷ್ ಸೆರೆಯಾಳುಗಳ ಬರಹಗಳು ಹೇಳುತ್ತವೆ. ಸುಣ್ಣ ಸುಟ್ಟವರು, ತಾರಸಿ ಬಡಿದ ಹೆಂಗಸರು ತಾವು ಕಟ್ಟಿದ ಭವನಗಳೊಳಗೆ ಅತಿಥಿಗಳಾಗಿ ಕಾಲಿಟ್ಟವರಲ್ಲ. ಸಿಲೇದಾರನ ಮೊಮ್ಮಗ ಬ್ಯಾಂಕಿನಲ್ಲಿ ಗುಮಾಸ್ತನಾದರೆ, ಜೆಟ್ಟಿಯ ಮಗಳು ಎಂಜಿನಿಯರಾದರೆ ಅದಕ್ಕೆ 'ನಶಿಸುತ್ತಿರುವ ಪರಂಪರೆ' ಎಂಬ ಶೋಕದ ಹೆಸರು ಕೊಡುವ ಹಕ್ಕು ಸಂಶೋಧಕನಿಗಿಲ್ಲ. ಕಸುಬನ್ನು ಬಿಡುವುದು ಅವರ ಸ್ವಾತಂತ್ರ್ಯ. ಬಿಡುವ ಮುನ್ನ ಅವರಿಗೆ ಏನು ಗೊತ್ತಿತ್ತು ಎಂದು ಕೇಳುವುದು ನಮ್ಮ ಕೆಲಸ. ಕೇಳಲು ನಾವು ತಡಮಾಡಿದ್ದರಿಂದ ಅವರ ಸ್ವಾತಂತ್ರ್ಯಕ್ಕೆ ದೋಷ ಹೊರಿಸುವುದು ಅನ್ಯಾಯ.

ಕೇಳುವ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದೂ ಕಷ್ಟದ ಪ್ರಶ್ನೆಯಲ್ಲ. ಮೈಸೂರಿನ ಜಾನಪದ ವಿದ್ಯಾರ್ಥಿ ಕ್ಷೇತ್ರಕಾರ್ಯಕ್ಕೆಂದು ಮಲೆಮಹದೇಶ್ವರ ಬೆಟ್ಟಕ್ಕೂ ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗುತ್ತಾನೆ, ಹೋಗಲಿ. ಅದರ ಜೊತೆಗೆ ಒಂದು ವರ್ಷದ ಕಿರುಪ್ರಬಂಧಗಳನ್ನು ಮೊಹಲ್ಲಾಗಳಿಗೆ ಮೀಸಲಿಡಬಹುದು. ಗರಡಿಯ ಪದಕೋಶ ಒಬ್ಬರದಾಗಲಿ, ಪೊಲೀಸ್ ಲಾಯದಲ್ಲಿ ಕುದುರೆಗಳ ಮೈಬಣ್ಣಕ್ಕೂ ಸುಳಿಗಳಿಗೂ ಉಳಿದಿರುವ ಹೆಸರುಗಳು ಇನ್ನೊಬ್ಬರದಾಗಲಿ. ಬಾಬಯ್ಯನ ಹಬ್ಬದ ಹುಲಿವೇಷಕ್ಕೂ ಗರಡಿಯ ಸಾಮಿಗೂ ಇರುವ ನಂಟನ್ನು ಮತ್ತೊಬ್ಬರು ಹುಡುಕಲಿ. ಯಾವುದಾದರೊಂದು ಪಾರಂಪರಿಕ ಕಟ್ಟಡದ ದುರಸ್ತಿ ನಡೆಯುವಾಗ ಎಂಜಿನಿಯರ ನಕಾಶೆಯ ಪಕ್ಕದಲ್ಲಿ ಧ್ವನಿಮುದ್ರಣದ ಯಂತ್ರವೂ ತಾರಸಿ ಏರಲಿ. ಬಡಿತಕ್ಕೆ ಎಷ್ಟು ಜನ ಕೂರುತ್ತಾರೆ, ಮೊದಲ ಪೆಟ್ಟು ಯಾರದು, ಸುಸ್ತಾದಾಗ ಲಯವನ್ನು ಯಾರು ಎತ್ತಿಕೊಡುತ್ತಾರೆ ಎಂಬುದು ಅಲ್ಲಿ ಕುಳಿತು ನೋಡಿದವರಿಗಷ್ಟೇ ತಿಳಿಯುವಂಥದು.